ಭಾವನ ದೋಣಿ, ಆಚಾರಿಯ ಹುಟ್ಟು

ಜೂನ್ ಮೂರನೇ ವಾರ ಗೋಡೌನಿನ ಅಟ್ಟದಿಂದ ದೋಣಿ ಇಳಿಸಿದೆವು. ದೋಣಿಗಿಂತ ಮೊದಲು ಕೆಳಗೆ ಬಿದ್ದದ್ದು ಒಂದು ಇಲಿಗೂಡು. ಅದರ ಹಿಂದೆಯೇ ಒಂದು ಬೊಗಸೆ ಕಪ್ಪು ಫೋಮ್ ಪುಡಿ. ಹೋದ ವರ್ಷ ನಾನು ಎರಡು ಸಂಜೆ ಕೂತು ಕತ್ತರಿಸಿ, ಉಜ್ಜಿ, ಅಂಟಿಸಿದ್ದ ಮೊಣಕಾಲಿನ ಮೆತ್ತೆ ಅದು.

"ಮಳೆಗಾಲದಲ್ಲಿ ನಿನಗೆ ಎಷ್ಟು ಉಪಯೋಗ ಆಯ್ತೋ ಗೊತ್ತಿಲ್ಲ. ಬೇಸಿಗೇಲಿ ಅದಕ್ಕಂತೂ ಆಯ್ತು" ಅಂದಳು ಅವ್ವ.

ಊರಿನವರ ಬಾಯಲ್ಲಿ ಇದು ದೋಣಿ, ಭಾವನ ಬಾಯಲ್ಲಿ ಕನೂ. ಹನ್ನೆರಡು ಅಡಿ ಉದ್ದ. ಮೇಲೆ ಪೂರ್ತಿ ತೆರೆದಿದೆ. ಎರಡೂ ತುದಿ ಮೇಲಕ್ಕೆದ್ದಿವೆ. ಬಣ್ಣ ಕಡು ಹಸಿರು, ಈಗ ಅಲ್ಲಲ್ಲಿ ಮಾತ್ರ. ಭಾವ ಹದಿನಾಲ್ಕು ವರ್ಷ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿದ್ದರು. ಅಲ್ಲಿ ನಾಂಟಹೇಲಾ ಅಂತ ಒಂದು ನದಿ. ಮೇಲಿನ ಅಣೆಕಟ್ಟಿನವರು ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗ ಆ ನದಿ ಏರುತ್ತದೆ. ಜಲಾಶಯದ ಆಳದಿಂದ ಬರುವ ನೀರಾದ್ದರಿಂದ ಬೇಸಿಗೆಯಲ್ಲೂ ಕೈ ಮರಗಟ್ಟುವಷ್ಟು ತಣ್ಣಗಿರುತ್ತದಂತೆ. ಭಾವ ಶನಿವಾರ ಬಂತು ಅಂದ್ರೆ ಅಲ್ಲಿ. ಮೈಸೂರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಕಂಟೇನರ್‌ನಲ್ಲಿ ಸೋಫಾ ಬಿಟ್ಟು ಇದನ್ನು ಹಾಕಿಸಿಕೊಂಡು ಬಂದರು. ಅಕ್ಕ ಇವತ್ತಿಗೂ ಆ ಸೋಫಾದ ಮಾತು ಎತ್ತುತ್ತಾಳೆ. ಎರಡೇ ವರ್ಷಕ್ಕೆ ಭಾವನಿಗೆ ಬೆನ್ನು ನೋವು ಹಿಡಿಯಿತು. ದೋಣಿ ನಮ್ಮ ಅಟ್ಟಕ್ಕೆ ಬಂತು.

ನನಗೆ ನೀರು ಹೊಸದಲ್ಲ. ಇಪ್ಪತ್ತರ ಹರೆಯದಲ್ಲಿ ಮೂರು ಮಳೆಗಾಲ ನಮ್ಮ ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ಗೈಡ್ ಆಗಿದ್ದೆ. ಅಲ್ಲಿ ಹೋದವರಿಗೆ ಗೊತ್ತು, ಬರಪೊಳೆಯ ಒಂದೊಂದು ರಭಸಕ್ಕೂ, ಅಂದ್ರೆ ನೀರು ಬಂಡೆಗಳ ನಡುವೆ ಧುಮುಕುವ ಜಾಗಕ್ಕೂ, ಒಂದೊಂದು ಹೆಸರಿದೆ. ಮಾರ್ನಿಂಗ್ ಕಾಫಿ, ವಿಕೆಡ್ ವಿಚ್, ಬಿಗ್ ಬ್ಯಾಂಗ್. ಕಾಫಿ ನಾಡಿನಲ್ಲಿ ಮಾರ್ನಿಂಗ್ ಕಾಫಿ ಅಂತ ಇಟ್ಟವನು ಸೋಮಾರಿಯೋ ಜಾಣನೋ ಹೇಳಲಾರೆ. ಇನ್ನೊಂದು ತಮಾಷೆ. ಕೊಡಗಿನ ಮಳೆ ಅಂದ ಕೂಡಲೇ ಎಲ್ಲರಿಗೂ ಕಾವೇರಿ ನೆನಪಾಗುತ್ತದೆ, ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುವ ನೀರು. ದಕ್ಷಿಣ ಕೊಡಗಿನ ನಮ್ಮ ಈ ಮೂಲೆಯಲ್ಲಿ ಬಿದ್ದದ್ದು ಮಾತ್ರ ಬರಪೊಳೆಯಲ್ಲಿ ಪಶ್ಚಿಮಕ್ಕೆ ಇಳಿದು, ಕೇರಳದ ವಳಪಟ್ಟಣಂ ಹೊಳೆಗೆ ಸೇರಿ, ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈ ನೀರಿಗೆ ಯಾವ ಟ್ರಿಬ್ಯೂನಲ್ಲೂ ಕೂತಿಲ್ಲ.

ಹೊಳೆ ಎಷ್ಟಿದೆ ಅಂತ ತಿಳಿಯೋಕೆ ನಮ್ಮಲ್ಲಿ ಹೊಳೆ ನೋಡಬೇಕಾಗಿಲ್ಲ. ತೋಟದ ಮಳೆಮಾಪಕ ನೋಡಿದರೆ ಸಾಕು. ಕೊಡಗಿನಲ್ಲಿ ಬೆಳಗ್ಗೆ ಫೋನ್ ಮಾಡಿದವರು ಮೊದಲು ಕೇಳುವುದು "ಎಷ್ಟು ಇಂಚು?" ಅಂತ. ಮಿಲಿಮೀಟರ್ ರೇಡಿಯೋದವರಿಗೆ. ರಾತ್ರಿಗೆ ನಾಲ್ಕು ಇಂಚು ಬಿದ್ದಿದ್ದರೆ ಅವತ್ತು ದೋಣಿ ಅಟ್ಟದಲ್ಲೇ ಇರಲಿ ಅಂತ ಅರ್ಥ. ಎರಡು ದಿನ ಅರ್ಧ ಅರ್ಧ ಇಂಚು ಬಿದ್ದು ಬಿಟ್ಟರೆ ನನ್ನಂಥ ನಲವತ್ತೆಂಟು ವರ್ಷದವನಿಗೆ ಹದ. ಅದೂ ಹಳೇ ಗೈಡ್ ಗೆಳೆಯರು ಇಬ್ಬರು ದಡದಲ್ಲಿ ಹಗ್ಗ ಹಿಡಿದು ನಿಂತಿದ್ದರೆ ಮಾತ್ರ. ಒಬ್ಬನೇ ಇಳಿಯುವವನ ಹತ್ತಿರ ನಾನು ಸಾಮಾನಿನ ಬಗ್ಗೆ ಮಾತೇ ಆಡುವುದಿಲ್ಲ.

ರಾಫ್ಟ್ ಗಾಳಿ ತುಂಬಿದ ರಬ್ಬರ್ ಹಾಸಿಗೆ. ಒಳಗೆ ಬಂದ ನೀರು ತಳದ ತೂತುಗಳಿಂದ ತಾನೇ ಹೊರಗೆ ಹೋಗುತ್ತದೆ. ಕನೂ ಹಾಗಲ್ಲ, ಅದು ಬಾಯಿ ತೆರೆದ ತೊಟ್ಟಿ. ಅಲೆ ಒಳಗೆ ಬಂತು ಅಂದ್ರೆ ಅಲ್ಲೇ ಕೂತಿತು. ನಾನ್ನೂರು ಲೀಟರ್ ನೀರು ತುಂಬಿದರೆ ನಾನ್ನೂರು ಕೆಜಿ, ಎಂಟು ಮೂಟೆ ಕಾಫಿ ಹೇರಿದ ಹಾಗೆ. ಆ ಭಾರ ಹೊಳೆಯ ವೇಗದಲ್ಲಿ ಬಂಡೆಗೆ ಹೋಗಿ ಬಡಿದರೆ ದೋಣಿ ಬಂಡೆಯನ್ನು ತಬ್ಬಿಕೊಂಡು ಮಡಚಿಕೊಳ್ಳುತ್ತದೆ. ಅದಕ್ಕೇ ಹಿಂದೆ ಮುಂದೆ ಗಾಳಿಚೀಲ ಕಟ್ಟುವುದು. ಗಾಳಿ ಇದ್ದ ಜಾಗಕ್ಕೆ ನೀರು ಬರಲಾರದು, ಲೆಕ್ಕ ಇಷ್ಟೇ. ಭಾವನ ಜೊತೆ ಬಂದಿದ್ದ ಚೀಲಗಳನ್ನು ಮೊದಲ ವರ್ಷವೇ ಇಲಿ ತೂತು ಮಾಡಿತು. ಈಗ ನಾನು ಹಾಕುವುದು ಹಳೇ ಟ್ಯೂಬ್. ಗೋಣಿಕೊಪ್ಪದ ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿ ತಂದದ್ದು. ಅಂಚಿನ ಪಟ್ಟಿಯ ಕೆಳಗೆ ಸಾಲಾಗಿ ಸಣ್ಣ ತೂತು ಕೊರೆದು, ನೈಲಾನ್ ಹಗ್ಗ ಅಡ್ಡಡ್ಡ ಹೆಣೆದು, ಟ್ಯೂಬನ್ನು ಹಗ್ಗದ ಕೆಳಗೆ ತುರುಕಿ ಆಮೇಲೆ ಗಾಳಿ ಹಾಕಬೇಕು. ಹಗ್ಗ ಸಡಿಲ ಇರಬಾರದು. ಸಡಿಲ ಹಗ್ಗ ಕಾಲಿಗೆ ಸಿಗುತ್ತದೆ. ಹೊಳೆಯಲ್ಲಿ ಕಾಲಿಗೆ ಹಗ್ಗ ಸಿಗೋದು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇನ್ನು ಕೂರುವ ವ್ಯವಸ್ಥೆ. ಇದರಲ್ಲಿ ಬೆಂಚಿನ ಮೇಲೆ ಕೂತ ಹಾಗೆ ಕೂರುವುದಿಲ್ಲ, ಮೊಣಕಾಲೂರಿ ಕೂರುತ್ತಾರೆ. ನಡುವೆ ಒಂದು ಫೋಮ್ ದಿಂಡು, ಕುದುರೆ ಜೀನಿನ ಹಾಗೆ. ಅದರ ಮೇಲೆ ಕುಂಡಿ, ಎರಡು ಕಡೆ ಮೊಣಕಾಲು, ತೊಡೆಯ ಮೇಲೆ ಒಂದೊಂದು ಪಟ್ಟಿ, ಪಾದದ ಹಿಂದೆ ಒತ್ತು ಕೊಡೋಕೆ ಒಂದೊಂದು ತುಂಡು. ಎಲ್ಲ ಸರಿಯಾಗಿ ಕೂತರೆ ದೋಣಿಯನ್ನು ಪ್ಯಾಂಟಿನ ಹಾಗೆ ಹಾಕಿಕೊಂಡಂತೆ ಇರುತ್ತದೆ. ಸೊಂಟ ಈ ಕಡೆ ವಾಲಿಸಿದರೆ ದೋಣಿಯೂ ಈ ಕಡೆ ವಾಲುತ್ತದೆ. ದಿಂಡು ಎತ್ತರ ಇದ್ದರೆ ಮೊಣಕಾಲಿಗೆ ಸುಖ, ಆದರೆ ದೋಣಿ ಕುಡಿದವನಂತೆ ತೂಗುತ್ತದೆ. ತಗ್ಗು ಮಾಡಿದರೆ ದೋಣಿ ನೆಟ್ಟಗೆ, ಮೊಣಕಾಲು ಹೋಯಿತು. ನಾನು ಒಂಬತ್ತು ಇಂಚಿನಿಂದ ಶುರು ಮಾಡಿ, ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದು ದೋಸೆಯಷ್ಟು ದಪ್ಪ ಸೀಳಿ ತೆಗೆಯುತ್ತಾ ಎಂಟೂಕಾಲಕ್ಕೆ ನಿಲ್ಲಿಸಿದೆ. ಸೀಳಿದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ, ಅದಕ್ಕೇ ಅವಸರ ಮಾಡಬಾರದು.

ಅಂಟಿಸುವುದರ ಕಥೆಯೇ ಬೇರೆ. ಕೊಡಗಿನ ಮಳೆಗಾಲದಲ್ಲಿ ಏನನ್ನಾದರೂ ಅಂಟಿಸಿ ನೋಡಿ, ಆಮೇಲೆ ಮಾತಾಡೋಣ. ಚಪ್ಪಲಿಗೆ, ಫಾರ್ಮೈಕಾಗೆ ಹಾಕುವ ಹಳದಿ ರಬ್ಬರ್ ಗಮ್ಮೇ ಇದಕ್ಕೂ. ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಜೋಡಿಸಬೇಕು. ಒಂದ್ಸಲ ತಾಗಿತು ಅಂದ್ರೆ ಮುಗೀತು, ಚೂರು ಆಚೆ ಈಚೆ ಮಾಡುವ ಹಾಗಿಲ್ಲ. ಆ ಗಮ್ಮಿನ ದ್ರಾವಕ ಆರುವಾಗ ಅದರ ಮೈ ತಣ್ಣಗಾಗುತ್ತದೆ. ಜೋರು ಮಳೆ ಹೊಡೆಯುವ ಕಕ್ಕಡ ತಿಂಗಳ ಗಾಳಿಯಲ್ಲಿ ನೀರೇ ಜಾಸ್ತಿ. ಆ ತಂಪು ಮೈಮೇಲೆ ಕಣ್ಣಿಗೆ ಕಾಣದಷ್ಟು ಪಸೆ ಕೂರುತ್ತದೆ. ಒಣಗಿದೆ ಅಂತ ನಾವು ಜೋಡಿಸುತ್ತೇವೆ. ಗಮ್ ಹಿಡಿದದ್ದು ಗಮ್ಮನ್ನಲ್ಲ, ಪಸೆಯನ್ನು. ಮೊದಲ ವರ್ಷ ನನ್ನ ಮೆತ್ತೆ ಹೊಳೆಗೆ ಇಳಿದ ಹತ್ತನೇ ನಿಮಿಷಕ್ಕೆ ನನ್ನ ಜೊತೆ ಬಿಟ್ಟು ಕೇರಳದ ಕಡೆ ಹೊರಟಿತು.

ಈಗ ಒಂದು ದಾರಿ ಕಂಡುಕೊಂಡಿದ್ದೇನೆ. ಫೋಮ್ ತುಂಡುಗಳನ್ನು ಹಿಂದಿನ ರಾತ್ರಿಯೇ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ, ಒಣ ಮೀನಿನ ಡಬ್ಬದ ಪಕ್ಕ. ಗಮ್ ಹಚ್ಚುವುದು ಮಾತ್ರ ಗೋಡೌನಿನಲ್ಲಿ. ಗಮ್ಮಿನ ಹೊಗೆ ಬೆಂಕಿಗೆ ಸಿಕ್ಕರೆ ದೋಣಿ ಇರಲಿ, ಮನೆಯೂ ಉಳಿಯಲ್ಲ. ಮಗಳ ಹೇರ್ ಡ್ರೈಯರ್ ಹಿಡಿದು, ದೋಣಿಯ ಮೈ ಬೆಚ್ಚಗೆ ಮಾಡಿ ಆಮೇಲೆ ಸವರುತ್ತೇನೆ. ಮೆತ್ತೆಗೆ ಈಗ ಸ್ವಲ್ಪ ಒಣ ಮೀನಿನ ವಾಸನೆ ಇದೆ. ಇಲಿಗೆ ಅದೂ ಇಷ್ಟ ಆಗಿರಬೇಕು.

ಗಮ್ ಹಚ್ಚೋಕೆ ಮುಂಚೆ ಒರೆಸಬೇಕಲ್ಲ, ಅಲ್ಲಿ ಇನ್ನೊಂದು ಎಡವಟ್ಟು ಮಾಡಿದ್ದೆ. ಪೇಂಟ್ ಅಂಗಡಿಯ ಥಿನ್ನರ್ ಬಟ್ಟೆಗೆ ಹಾಕಿ ಒರೆಸಿದೆ. ಬಟ್ಟೆ ಹಸಿರಾಯಿತು. ಕೊಳೆ ಬಿಡ್ತು ಅಂತ ಖುಷಿಯಿಂದ ಮತ್ತೂ ಉಜ್ಜಿದೆ. ಬೆರಳಿಟ್ಟು ನೋಡಿದರೆ ದೋಣಿಯ ಮೈ ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತಿತ್ತು. ಫೋನಿನಲ್ಲಿ ಭಾವ ಬೈದದ್ದು ನಮ್ಮಿಬ್ಬರ ಮಧ್ಯೆಯೇ ಇರಲಿ.

ಈ ದೋಣಿಯ ಮೈ ಒಂಥರಾ ಹೋಳಿಗೆ. ಹೊರಗೆ ಎರಡೂ ಕಡೆ ವಿನೈಲ್, ಅದರೊಳಗೆ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಪದರ, ನಡುವೆ ಹೂರಣದ ಜಾಗದಲ್ಲಿ ಅದೇ ಎಬಿಎಸ್‌ನ ನೊರೆ. ಹೆಸರು ರಾಯಲೆಕ್ಸ್. ಟೈರ್ ಮಾಡುತ್ತಿದ್ದ ಯೂನಿರಾಯಲ್ ಕಂಪನಿಯವರು ಕಂಡುಹಿಡಿದದ್ದು. ಬಂಡೆಗೆ ಬಡಿದರೆ ಬಗ್ಗುತ್ತದೆ, ಬಿಸಿ ಮಾಡಿದರೆ ತನ್ನ ಹಳೇ ಆಕಾರ ನೆನಪು ಮಾಡಿಕೊಂಡು ವಾಪಸ್ ಬರುತ್ತದೆ. ಅದಕ್ಕೇ ಬಿಳಿ ನೀರಿನ, ಅಂದ್ರೆ ನೊರೆಯೆದ್ದು ಧುಮುಕುವ ಹೊಳೆಯ, ಕನೂಗಳಿಗೆ ಅಷ್ಟು ವರ್ಷ ಇದೇ ಬೇಕಿತ್ತು. 2014ರ ಹೊತ್ತಿಗೆ ತಯಾರಿಕೆ ನಿಂತಿತು. ಅಂದ್ರೆ ನನ್ನ ಹತ್ತಿರ ಇರೋದು ಇನ್ನು ಹುಟ್ಟದ ಜಾತಿ. ಎಬಿಎಸ್‌ಗೆ ಥಿನ್ನರ್, ಅಸಿಟೋನ್ ಎರಡೂ ಆಗಲ್ಲ, ಕರಗಿಬಿಡುತ್ತದೆ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು.

ರಾಫ್ಟಿಂಗ್‌ನವರ ಹತ್ತಿರ ಇರುವ ಈಗಿನ ಕಯಾಕ್‌ಗಳು ಪಾಲಿಥೀನ್, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಜಾತಿ. ಅದಕ್ಕೆ ಯಾವ ಗಮ್ಮೂ ಹತ್ತಲ್ಲ. ಹಿಂದೆ ಬೀದಿಯಲ್ಲಿ ಕೊಡ, ಬಕೆಟ್ ರಿಪೇರಿ ಅಂತ ಕೂಗಿಕೊಂಡು ಬರುತ್ತಿದ್ದರಲ್ಲ, ಕಾದ ಕಬ್ಬಿಣದಿಂದ ಅದೇ ಪ್ಲಾಸ್ಟಿಕ್ ಚೂರು ಕರಗಿಸಿ ಬೆಸೆಯುವವರು, ಅದೇ ವಿದ್ಯೆ ಬೇಕು. ಅವರೀಗ ಬರುವುದಿಲ್ಲ.

ಹೋಳಿಗೆಯ ಮಾತಿಗೆ ವಾಪಸ್ ಬರ್ತೀನಿ. ಮೂರು ಮಳೆಗಾಲದ ಹಿಂದೆ ದೋಣಿ ಒಂದು ಬಂಡೆಗೆ ಅಡ್ಡ ಸಿಕ್ಕಿಕೊಂಡಿತು. ನಾನು ಈಜಿ ದಡ ಸೇರಿದೆ. ದೋಣಿಯನ್ನು ನಾಲ್ಕು ಜನ ಹಗ್ಗ ಕಟ್ಟಿ ಎಳೆದು ಬಿಡಿಸೋಕೆ ಒಂದೂವರೆ ಗಂಟೆ ಹಿಡಿಯಿತು. ಕೈಗಳಲ್ಲಿ ಜಿಗಣೆ, ದೋಣಿ ಮಾತ್ರ ಮಡಚಿದ ಚಾಪೆ. ಬಿಸಿಲಿಗಿಟ್ಟರೆ ನೆಟ್ಟಗಾಗುತ್ತೆ ಅಂದರು ಭಾವ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರಲಿ? ಬಚ್ಚಲಿನ ಹಂಡೆಯಿಂದ ಕುದಿಯುವ ನೀರು ತಂದು ತಂದು ಸುರಿದೆವು. ಅವ್ವ ಒಂದು ಕಡೆ, ನಾನು ಒಂದು ಕಡೆ. ನಾಲ್ಕನೇ ಹಂಡೆಗೆ 'ಟೊಕ್' ಅಂತ ಒಂದು ಶಬ್ದ ಬಂತು, ಹೊಟ್ಟೆ ಹೊರಗೆ ಬಂತು. ಆಗ ಕಂಡಿತು, ತಳದಲ್ಲಿ ಆರಿಂಚಿನ ಸೀಳು.

ಹತ್ತಿರದ ಪೇಟೆಯಲ್ಲಿ ಕಾರು ಬಂಪರ್, ಫೈಬರ್ ಬಾಗಿಲು ರಿಪೇರಿ ಮಾಡುವವರೊಬ್ಬರು ಇದ್ದಾರೆ. ಅವರ ಹತ್ತಿರ ತಗೊಂಡು ಹೋಗಿ ನಾನು ಹೇಳಿದ್ದು ಒಂದೇ ಮಾತು. "ಗಟ್ಟಿಯಾಗಿ ಮಾಡಿಕೊಡಿ." ಮಾಡಿಕೊಟ್ಟರು. ಆರು ಪದರ ಫೈಬರ್ ಮ್ಯಾಟ್, ಮೇಲೆ ರೆಸಿನ್. ಬೆರಳಿನಿಂದ ತಟ್ಟಿದರೆ ಕಲ್ಲಿನ ಶಬ್ದ. ಮುಂದಿನ ಮಳೆಗಾಲ ಮೂರನೇ ಸಲ ಇಳಿದಾಗ ಒಳಗೆ ನೀರು ಜಿನುಗಿತು. ತೇಪೆಗೆ ಏನೂ ಆಗಿರಲಿಲ್ಲ. ತೇಪೆಯ ಅಂಚಿನ ಉದ್ದಕ್ಕೂ, ಗೆರೆ ಹಾಕಿದ ಹಾಗೆ, ದೋಣಿಯೇ ಬಿರುಕು ಬಿಟ್ಟಿತ್ತು. ಆರಿಂಚಿನ ಸೀಳು ಈಗ ಹದಿನಾಲ್ಕು ಇಂಚು.

ತಪ್ಪು ಅವರದಲ್ಲ, ನನ್ನ ಬಾಯಿಯದ್ದು. ಸುತ್ತಲಿನ ಮೈ ಬಗ್ಗುತ್ತದೆ, ತೇಪೆ ಬಗ್ಗುವುದಿಲ್ಲ. ಬಂಡೆ ಸವರಿದಾಗಲೆಲ್ಲ ಪೂರ್ತಿ ಬಾಗು ಆ ಅಂಚಿನ ಮೇಲೇ ಬೀಳುತ್ತದೆ. ಹಳೇ ಚಡ್ಡಿಗೆ ಜೀನ್ಸ್ ತೇಪೆ ಹಾಕಿದರೆ ಹೊಲಿಗೆ ಪಕ್ಕದಲ್ಲೇ ಹರಿಯುತ್ತದಲ್ಲ, ಅದೇ.

ಈ ಸಲ ನಾನೇ ಕೂತೆ. ಗ್ರೈಂಡರ್‌ನಿಂದ ಹಳೇ ತೇಪೆ ಕೆರೆದು ತೆಗೆಯೋಕೇ ಎರಡು ದಿನ. ಬಿರುಕಿನ ಎರಡೂ ತುದಿಗೆ ಸಣ್ಣ ಡ್ರಿಲ್ಲಿನಿಂದ ಒಂದೊಂದು ದುಂಡನೆ ತೂತು ಹಾಕಿದೆ. ಬಿರುಕಿನ ಚೂಪು ತುದಿ ಮುಂದೆ ಓಡೋಕೆ ನೋಡುತ್ತಿರುತ್ತದೆ, ದುಂಡಗೆ ಮಾಡಿಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಬಿರುಕನ್ನು ಎರಡು ಕಡೆಯಿಂದ ಇಳಿಜಾರಾಗಿ ಕೆರೆದು, ಒಣಗಿದ ಮೇಲೂ ಸ್ವಲ್ಪ ಬಾಗುವ ಎಪಾಕ್ಸಿ, ಅಂದ್ರೆ ಎರಡು ದ್ರವ ಕಲಸಿ ಮಾಡುವ ಅಂಟು, ತುಂಬಿದೆ. ಮೇಲೆ ಎರಡೇ ಪದರ ಫೈಬರ್ ಬಟ್ಟೆ, ಒಂದಕ್ಕಿಂತ ಒಂದು ಬೆರಳಗಲ ದೊಡ್ಡದು. ಅಂಚು ಹಠಾತ್ತಾಗಿ ಮುಗಿಯಬಾರದು, ಇಳಿಯುತ್ತಾ ಇಳಿಯುತ್ತಾ ಮಾಯವಾಗಬೇಕು. ಒಳಗಡೆ ಒಂದೇ ಪದರ. ಮೇಲೆ ಪಾಲಿಥೀನ್ ಹಾಳೆ ಹಾಸಿ, ಚಪಾತಿ ಲಟ್ಟಣಿಗೆಯಿಂದ ಗಾಳಿಗುಳ್ಳೆ ಹೊರಗೆ ತಳ್ಳಿದೆ. ಹೆಂಡತಿಗೆ ಹೊಸ ಲಟ್ಟಣಿಗೆ ಕೊಡಿಸಿದೆ.

ಎಪಾಕ್ಸಿಗೂ ನಮ್ಮ ಹವೆ ಆಗಿಬರಲ್ಲ. ಚಳಿಗೆ ಒಣಗೋದು ನಿಧಾನ. ಒಣಗಿದ ಮೇಲೆ ಪಸೆಗೆ ಮೈಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದರ ಮೇಲೆ ಹಾಗೇ ಸ್ಯಾಂಡ್ ಪೇಪರ್ ಉಜ್ಜಿದರೆ ಜಿಡ್ಡು ಒಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಬರೀ ನೀರಿನಲ್ಲಿ ಪಾತ್ರೆ ತಿಕ್ಕುವ ನಾರಿನಿಂದ ತೊಳೆಯಬೇಕು. ಹಾಗಂತ ಅವಸರಕ್ಕೆ ಒಂದೇ ಲೋಟದಲ್ಲಿ ಜಾಸ್ತಿ ಕಲಸಿದರೆ ಅದೇ ಎಪಾಕ್ಸಿ ಕೈ ಸುಡುವಷ್ಟು ಕಾದು ಹೊಗೆ ಬಿಡುತ್ತದೆ. ವಿಚಿತ್ರ ಪ್ರಾಣಿ.

ದುಬಾರೆ ಕಡೆ ಕಾವೇರಿಯಲ್ಲಿ ತೆಪ್ಪ ಹಾಕುವವರು ನನ್ನ ಈ ಒದ್ದಾಟ ನೋಡಿದರೆ ನಗುತ್ತಾರೆ. ಬಿದಿರು ಹೆಣೆದ ಬುಟ್ಟಿ, ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಶೀಟು. ತೂತಾದರೆ ಒಂದು ತುಂಡು ಶೀಟು, ಮೇಲೆ ಬಿಸಿ ಡಾಂಬರು. ಡಾಂಬರು ಪೂರ್ತಿ ಗಟ್ಟಿಯಾಗಲ್ಲ, ಬಿದಿರು ಬಾಗಿದ ಕಡೆ ತಾನೂ ಬಾಗುತ್ತದೆ. ಕನೂವಿನ ಮೂಲ ಅಮೆರಿಕದ ಆದಿವಾಸಿಗಳದ್ದು. ಅವರೂ ಹಾಗೇ ಮಾಡುತ್ತಿದ್ದರು. ಬರ್ಚ್ ಮರದ ತೊಗಟೆಯನ್ನು ಬೇರಿನ ನಾರಿನಿಂದ ಹೊಲಿದು, ಸ್ಪ್ರೂಸ್ ಮರದ ಅಂಟು ಕಾಸಿ ಹೊಲಿಗೆಗೆ ಮೆತ್ತುತ್ತಿದ್ದರು. ಬರೀ ಅಂಟು ಚಳಿಗೆ ಚಟ್ ಅಂತ ಒಡೆಯುತ್ತದೆ ಅಂತ ಪ್ರಾಣಿ ಕೊಬ್ಬು ಬೆರೆಸುತ್ತಿದ್ದರು. ನಮ್ಮ ಘಟ್ಟದ ಕೆಳಗೆ ಮಲಬಾರಿನಲ್ಲಿ ಹಡಗಿನ ಸಂದಿಗೆ ಹಾಕುತ್ತಿದ್ದ ಧೂಪದ ಮರದ ಅಂಟಿಗೆ ಎಣ್ಣೆ ಸೇರಿಸಿ ಕುದಿಸುತ್ತಿದ್ದರು. ಗಟ್ಟಿ ಮಾಡೋಕೆ ಯಾರೂ ಹೋಗಲಿಲ್ಲ. ಗಟ್ಟಿ ಕಡಿಮೆ ಮಾಡೋಕೇ ಕೊಬ್ಬು, ಎಣ್ಣೆ ಹಾಕಿದರು. ಆರು ಪದರದ ತೇಪೆಗೆ ದುಡ್ಡು ಕೊಟ್ಟು ಬಂದ ಮೇಲೆ ನನಗೆ ಇದು ಹೊಳೆದದ್ದು.

ಗಟ್ಟಿಯ ಹುಚ್ಚಿನಲ್ಲಿ ಮಾಡಿದ ಇನ್ನೊಂದು ಕೆಲಸ ಹೇಳಿಬಿಡ್ತೀನಿ. ತೊಡೆಯ ಪಟ್ಟಿಯ ಬಕಲ್ ಒಂದ್ಸಲ ಜಾರಿತು. ಬಕಲ್ ತೆಗೆದುಹಾಕಿ, ದನ ಕಟ್ಟುವ ಗಂಟು ಹಾಕಿದೆ. ಜಪ್ಪಯ್ಯ ಅಂದ್ರೂ ಬಿಚ್ಚದ ಗಂಟು. ಅವತ್ತು ಸಣ್ಣ ಅಲೆ, ಸೊಂಟದಷ್ಟೇ ನೀರು, ದೋಣಿ ಮಗುಚಿತು. ತಲೆ ಕೆಳಗೆ, ಎಡಗಾಲು ಪಟ್ಟಿಯೊಳಗೆ. ಎಷ್ಟು ಹೊತ್ತೋ, ಗೆಳೆಯ ಆಮೇಲೆ ಐದಾರು ಸೆಕೆಂಡು ಅಂದ. ನನಗೆ ಮೂಗಿನೊಳಗೆ ಹೋದ ನೀರಿನ ಮಣ್ಣುವಾಸನೆ ಈಗಲೂ ಗೊತ್ತಾಗುತ್ತದೆ. ಕಾಲು ಬಂತು, ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಈಗ ಎಳೆದರೆ ಬಿಡುವ ಬಕಲ್, ಅದಕ್ಕೊಂದು ಕೆಂಪು ದಾರ. ಪ್ರತಿ ವರ್ಷ ದೋಣಿಯನ್ನು ಕಣದಲ್ಲಿಟ್ಟು, ಒಳಗೆ ಕೂತು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಹತ್ತು ಸಲ ಬಿಚ್ಚಿ ನೋಡುತ್ತೇನೆ. ತೋಟದ ಕೆಲಸದವರು ಮೊದಮೊದಲು ನಿಂತು ನೋಡುತ್ತಿದ್ದರು. ಈಗ ಅವರಿಗೂ ಬೋರಾಗಿದೆ.

ಹುಟ್ಟಿನ ವಿಷಯಕ್ಕೆ ಬಂದರೆ ನಾನು ಜಾಸ್ತಿ ಬರೀತೀನಿ, ಕ್ಷಮಿಸಿ. ಭಾವನ ಹುಟ್ಟು ಮೊದಲ ವರ್ಷವೇ ಹೊಳೆಪಾಲಾಯಿತು. ಹೊಸದು ತರಿಸೋಕೆ ವಿಚಾರಿಸಿದೆ. ಬೆಲೆಯ ಮೇಲೆ ಸಾಗಾಣಿಕೆ, ಅದರ ಮೇಲೆ ಸುಂಕ. ಆ ದುಡ್ಡಿಗೆ ಒಂದು ಕರು ಹಾಕಿದ ಹಸು ಬರುತ್ತದೆ. ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್, ನಾವು ಬರೀ ಸಿಲ್ವರ್ ಅನ್ನುವ ಮರ, ಬೇಕಾದಷ್ಟಿದೆ, ನಾನೇ ಮಾಡಿದರಾಯಿತು ಅಂತ ಕೂತೆ. ನೋಡೋಕೆ ಚೆನ್ನಾಗಿ ಬಂತು. ಸಿಲ್ವರಿನ ಎಳೆ ನೋಡಿದ್ದೀರಲ್ಲ, ಹೊಳೆಯುವ ಹೂವಿನ ಹಾಗೆ ಚುಕ್ಕಿಚುಕ್ಕಿ. ಹೋದ ಆಗಸ್ಟಿನಲ್ಲಿ ಬಂಡೆಯನ್ನು ಒತ್ತಿ ದೋಣಿ ತಿರುಗಿಸೋಕೆ ಹೋದೆ, ಕಾವು ಅಲಗಿನ ಕುತ್ತಿಗೆಯಲ್ಲಿ ಕ್ಯಾರೆಟ್ ಮುರಿದ ಹಾಗೆ ಮುರಿಯಿತು. ಒಂದು ಸದ್ದಿಲ್ಲ, ಒಂದು ಎಳೆ ಎದ್ದಿಲ್ಲ.

ಆ ಎರಡು ತುಂಡು ತಗೊಂಡು ಆಚಾರಿ ಹತ್ತಿರ ಹೋದೆ. ನಮ್ಮ ಕಡೆ ಗುದ್ದಲಿ, ಕೊಡಲಿ, ಕತ್ತಿ, ಯಾವುದಕ್ಕೆ ಕಾವು ಬೇಕಾದರೂ ಅವರೇ. ಎಪ್ಪತ್ತು ದಾಟಿದೆ. ತುಂಡುಗಳನ್ನು ತಿರುಗಿಸಿ ನೋಡಿ, ಮುರಿದ ಕಡೆ ಹೆಬ್ಬೆರಳು ಆಡಿಸಿದರು.

"ಏನಪ್ಪಾ, ಕಾಫಿ ಪೆಟ್ಟಿಗೆ ಮಾಡೋ ಮರದಲ್ಲಿ ಗುದ್ದಲಿ ಕಾವು ಹಾಕ್ತಾರಾ?"

"ಇದು ಗುದ್ದಲಿ ಅಲ್ಲ ಆಚಾರ್ರೆ, ಹುಟ್ಟು. ಗಟ್ಟಿ ಮರ ಯಾವುದಿದೆ? ಬೀಟೆ ಹಾಕೋಣ್ವಾ?"

"ಗಟ್ಟಿ ಬೇಕಾದ್ರೆ ಕಬ್ಬಿಣದ ಪೈಪ್ ಹಾಕು. ಕೈ ಉಳಿಯಲ್ಲ ಅಷ್ಟೇ. ಇದು ತಿಂತದಲ್ಲ, ಆ ಪೆಟ್ಟು ಮರ ತಿನ್ನಬೇಕಾ, ನಿನ್ನ ಹೆಗಲು ತಿನ್ನಬೇಕಾ?"

ಹಾಗೆ ಕೇಳಿ, ಎದ್ದು ನಮ್ಮ ಮನೆ ಕೊಟ್ಟಿಗೆಗೇ ಬಂದರು. ಅಜ್ಜನ ಕಾಲದ ಎತ್ತಿನ ಗಾಡಿ ಅಲ್ಲಿ ಮುರಿದು ಬಿದ್ದಿದೆ. ಅದರ ಮೂಕಿಯನ್ನು, ಅಂದ್ರೆ ನೊಗ ಕಟ್ಟುವ ಉದ್ದನೆಯ ಮರವನ್ನು, ಕತ್ತಿಯ ಹಿಂಬದಿಯಿಂದ ಎರಡು ಸಲ ತಟ್ಟಿದರು. "ದಡಸಲು" ಅಂದರು. ದಡಸಲು ನಮ್ಮ ಕಾಡಿನ ಮರ. ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಹಳಬರು ಗಾಡಿಯ ಮೂಕಿ, ಕೊಡಲಿ ಕಾವು, ದೋಣಿಯ ಹುಟ್ಟು ಎಲ್ಲಕ್ಕೂ ಅದನ್ನೇ ಹುಡುಕುತ್ತಿದ್ದರು. ನಾನು ಆರು ತಿಂಗಳು ಇಂಟರ್ನೆಟ್ಟಿನಲ್ಲಿ ಹುಟ್ಟಿಗೆ ಹಾಕುವ ಅಮೆರಿಕದ ಆಶ್ ಮರಕ್ಕೆ ಬದಲಿ ಏನು ಅಂತ ಹುಡುಕಿದ್ದೆ. ಬದಲಿ ನಮ್ಮ ಕೊಟ್ಟಿಗೆಯಲ್ಲಿ ಕೋಳಿ ಕೂರುವ ಕೋಲಾಗಿತ್ತು.

ಮೂಕಿಯನ್ನು ಗರಗಸದಿಂದ ಕೊಯ್ಯಲಿಲ್ಲ ಅವರು. ಬೆಣೆ ಹೊಡೆದು ಸೀಳಿದರು. ಗರಗಸ ಎಳೆಯನ್ನು ಕತ್ತರಿಸಿಕೊಂಡು ಹೋಗುತ್ತದೆ, ಬೆಣೆ ಎಳೆಯ ದಾರಿಯಲ್ಲೇ ಹೋಗುತ್ತದೆ. ಈ ತುದಿಯಿಂದ ಆ ತುದಿಗೆ ಒಂದೇ ಎಳೆ ಓಡಿದ್ದರೆ ಮಾತ್ರ ಕಾವು. ಉದ್ದದ ಅಳತೆಗೆ ನನ್ನನ್ನು ಅಂಗಳದಲ್ಲಿ ಮಣೆಯ ಮೇಲೆ ಮೊಣಕಾಲೂರಿ ಕೂರಿಸಿದರು. ಅಲಗು ಪೂರ್ತಿ ನೀರಿನೊಳಗೆ ಹೋದಾಗ ಮೇಲಿನ ಕೈ ಮೂಗಿನ ಮಟ್ಟಕ್ಕೆ ಬರಬೇಕು ಅಂತ ನಾನು ಹೇಳಿದ್ದೆ. ಒಟ್ಟು 58 ಇಂಚು ಬಂತು. ಕಾವನ್ನು ದುಂಡಗೆ ಕೆತ್ತಬೇಡಿ, ಮೊಟ್ಟೆಯಾಕಾರ ಇರಲಿ ಅಂದೆ. ಕತ್ತಲಲ್ಲೂ ಅಲಗು ಯಾವ ಕಡೆಗಿದೆ ಅಂತ ಅಂಗೈಗೆ ತಿಳಿಯಬೇಕಲ್ಲ. "ಕೊಡಲಿ ಕಾವೂ ಹಾಗೇ ಅಲ್ವಾ, ಹೊಸದೇನು ಹೇಳ್ತಿ" ಅಂದರು.

ಮೇಲಿನ ಹಿಡಿ ಟಿ ಆಕಾರ. ಒಣಗಿದ ರೊಬಸ್ಟಾ ಕಾಫಿ ಗಿಡದ ಬುಡದಿಂದ ಕೆತ್ತಿದ್ದು. ಅಲಗಿಗೆ ಹಗುರ ಇರಲಿ ಅಂತ ನನ್ನ ಸಿಲ್ವರನ್ನೇ ಒಪ್ಪಿಕೊಂಡರು, ಆದರೆ ಒಂದೇ ಹಲಗೆ ಬೇಡ, ಪಟ್ಟಿ ಪಟ್ಟಿ ಜೋಡಿಸು ಅಂದರು. ಜೋಡಿಸಿ, ಮೇಲೆ ಒಂದು ಪದರ ತೆಳು ಫೈಬರ್ ಬಟ್ಟೆ ನಾನು ಹಾಕಿದೆ. ತುದಿಗೆ ಮಾತ್ರ ಬೇರೆ ವ್ಯವಸ್ಥೆ. ಹುಟ್ಟು ಕಲ್ಲಿಗೆ ತಾಗುವುದು ಅಲ್ಲಿ, ಮರದ ಎಳೆಯ ಬಾಯಿ ತೆರೆದಿರುವುದೂ ಅಲ್ಲೇ. ನೀರು ಅಲ್ಲಿಂದ ಹತ್ತಿದರೆ ಅಲಗು ಊದಿ ಸೀಳುತ್ತದೆ. ಅಂಚಿನ ಉದ್ದಕ್ಕೂ ಸಣ್ಣ ತೋಡು ಕೊರೆದು, ಪಾಲಿಯೆಸ್ಟರ್ ದಾರವನ್ನು ಎಪಾಕ್ಸಿಯಲ್ಲಿ ನೆನೆಸಿ ಕೂರಿಸಿದೆ. ಕಲ್ಲು ಅದನ್ನು ಸವೆಸಲಿ, ಸವೆದರೆ ದಾರ ಬದಲಾಯಿಸಿದರಾಯಿತು.

ಕಾವಿಗೆ ವಾರ್ನಿಷ್ ಬೇಡ ಅಂತ ಇಬ್ಬರೂ ಒಪ್ಪಿದೆವು. ವಾರ್ನಿಷ್ ಕಣ್ಣಿಗೆ ಚೆಂದ, ಒದ್ದೆ ಕೈಗೆ ಬೊಬ್ಬೆ. ಅಗಸೆ ಎಣ್ಣೆ ಮೂರು ಸಲ ತಿಕ್ಕಿದೆ. ಮಧ್ಯೆ ಮಧ್ಯೆ ಆರೋಕೆ ಬಿಟ್ಟದ್ದು ಎರಡು ವಾರ. ಮಳೆ ಬಿಟ್ಟರೆ ತಾನೇ ಆರುವುದು.

ಈ ಸಲ ಆಗಸ್ಟಿನಲ್ಲಿ ಏಳು ಸಲ ಇಳಿದೆ. ತೇಪೆ ಬಾಗಿತು, ಜಿನುಗಲಿಲ್ಲ. ಒಂದು ದಿನ ಹುಟ್ಟು ಎರಡು ಬಂಡೆಯ ಸಂದಿಗೆ ಸಿಕ್ಕಿ, ನನ್ನ ಭಾರಕ್ಕೆ ಬಿಲ್ಲಿನಂತೆ ಬಗ್ಗಿದ್ದನ್ನು ಕಣ್ಣಾರೆ ಕಂಡೆ. ಹೊರಗೆ ಬಂತು, ನೆಟ್ಟಗಾಯಿತು. ಕೈಲ್ ಪೊಳ್ದ್ ದಿನ, ಅಂದ್ರೆ ಕೊಡವರ ಆಯುಧ ಪೂಜೆಯ ಹಬ್ಬದಂದು, ಕೋವಿ, ಕತ್ತಿ ತೊಳೆದು ತೋಕ್ ಪೂ ಅನ್ನುವ ಹೂವು ಇಟ್ಟು ಸಾಲಾಗಿ ಜೋಡಿಸುವಾಗ ಅವ್ವ ಹುಟ್ಟನ್ನೂ ತಂದು ಕೋವಿಯ ಪಕ್ಕ ಇಟ್ಟಳು. ಅದಕ್ಕೂ ಗಂಧದ ಬೊಟ್ಟು. ನಾನು ಏನೂ ಹೇಳಲಿಲ್ಲ. ಅದರಲ್ಲಿ ಗಾಡಿಯ ಮೂಕಿ ಇದೆ ಅಂತ ಅವಳ ಲೆಕ್ಕವೋ, ಮಗನ ಹುಚ್ಚು ಅಂತಲೋ.

ಮರುದಿನ ಆಚಾರಿಗೆ ಕಡುಬು, ಹಂದಿ ಮಾಂಸ ತಗೊಂಡು ಹೋದೆ. ಹುಟ್ಟನ್ನೂ ತೋರಿಸೋಣ ಅಂತ ಹಿಡಿದುಕೊಂಡಿದ್ದೆ. ಕುತ್ತಿಗೆಯ ಹತ್ತಿರ ಹೆಬ್ಬೆರಳು ಆಡಿಸಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಇಲ್ಲಿ ಒಂದು ಎಳೆ ಎದ್ದದೆ."

"ಮುರಿಯುತ್ತಾ?"

"ಮುರೀತದೆ. ಬರೋ ವರ್ಷ ಅಲ್ಲ, ಅದರಾಚೆ ವರ್ಷ. ಆದ್ರೆ ಈ ಎಳೆ ಮೊದ್ಲು ಚುಚ್ಚಿ ಹೇಳ್ತದೆ ನಿಂಗೆ, ಸಿಲ್ವರ್ ಹಂಗೆ ಹೇಳದೆ ಹೋಗಲ್ಲ."

ಹುಟ್ಟನ್ನು ವಾಪಸ್ ಕೊಟ್ಟು ಬಾಗಿಲ ಹಿಂದೆ ಕೈ ತೋರಿಸಿದರು. ಮೂಕಿಯ ಇನ್ನೊಂದು ತುಂಡು ಅಲ್ಲಿ ಗೋಡೆಗೆ ಒರಗಿತ್ತು, ಆಗಲೇ ಸೀಳಿ, ಅರ್ಧ ಕೆತ್ತಿ. ಅದು ಯಾವಾಗ ನಮ್ಮ ಕೊಟ್ಟಿಗೆಯಿಂದ ಇಲ್ಲಿಗೆ ಬಂತು ಅಂತ ನಾನು ಕೇಳಲಿಲ್ಲ.